3 ನ್ಯಾನೋಮೀಟರೋ, 4 ನ್ಯಾನೋಮೀಟರೋ? ಚಿಪ್ ನೋಡಿ ಫೋನ್, ಲ್ಯಾಪ್‌ಟಾಪ್ ಆರಿಸುವ ಬಗೆ

ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟಿದ್ದಾರೆ ಎಂದುಕೊಳ್ಳಿ. ಒಂದರಲ್ಲಿ ಎಎಂಡಿ ಕಂಪನಿಯ ಚಿಪ್ ರೈಜೆನ್ 5 7520ಯು, ಇನ್ನೊಂದರಲ್ಲಿ ರೈಜೆನ್ 5 7530ಯು. ಮೊದಲನೆಯದು 6 ನ್ಯಾನೋಮೀಟರ್ ಚಿಪ್, ಎರಡನೆಯದು 7. ಅಂಕಿ ಸಣ್ಣದಾದಷ್ಟೂ ಚಿಪ್ ಒಳ್ಳೆಯದು ಎಂಬ ಲೆಕ್ಕ ಹಿಡಿದವರು ಮೊದಲನೆಯದನ್ನೇ ಮನೆಗೆ ತರುತ್ತಾರೆ. ಅದರೊಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸದ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), 4 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗೇ ಇರುವ ಚುರುಕು ಮೆಮೊರಿ). ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಅಂಗಡಿಯಲ್ಲೇ ಬಿಟ್ಟುಬಂದದ್ದರಲ್ಲಿ ಝೆನ್ 3 ವಿನ್ಯಾಸದ ಆರು ಕೋರ್, 16 ಎಂಬಿ ಕ್ಯಾಶ್. 7 ನ್ಯಾನೋಮೀಟರಿನದು 6ರದ್ದನ್ನು ಬಹುತೇಕ ಎಲ್ಲ ಕೆಲಸಗಳಲ್ಲೂ ಹಿಂದೆ ಹಾಕುತ್ತದೆ.

ಹಾಗೆಂದು ಈ ಅಂಕಿಗೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಕೆಲವು ಕಡೆ ಅದು ನಿರ್ಣಾಯಕ, ಕೆಲವು ಕಡೆ ಬರೀ ಸ್ಟಿಕ್ಕರ್. ಎಲ್ಲಿ ಯಾವುದು ಎಂದು ತಿಳಿಯಲು ಮೊದಲು ಅಳತೆಗೋಲು ಸರಿಮಾಡಿಕೊಳ್ಳಬೇಕು.

ಅಂಕಿ ಹೇಳುವುದೇನು

ಒಂದು ಕಾಲಕ್ಕೆ ಈ ಸಂಖ್ಯೆ ಟ್ರಾನ್ಸಿಸ್ಟರ್ ಎಂಬ ಸೂಕ್ಷ್ಮ ಸ್ವಿಚ್ಚನ್ನು ತೆರೆದು ಮುಚ್ಚುವ ಗೇಟಿನ ಉದ್ದಕ್ಕೆ ಹತ್ತಿರವಿತ್ತು. ಈಗ ಅದು ತಯಾರಿಕಾ ತಂತ್ರದ ಪೀಳಿಗೆಯ ಹೆಸರು ಮಾತ್ರ. ಇಂಟೆಲ್ 2014ರಲ್ಲಿ ತಂದ 14 ನ್ಯಾನೋಮೀಟರ್ ಚಿಪ್ಪುಗಳಲ್ಲಿ ಒಂದು ಗೇಟಿನಿಂದ ಮುಂದಿನ ಗೇಟಿಗೆ 70 ನ್ಯಾನೋಮೀಟರ್, ಅತಿ ಕಿರಿದಾದ ತಂತಿಸಾಲಿನಲ್ಲಿ ತಂತಿಯಿಂದ ತಂತಿಗೆ 52. ಅದೇ ಇಂಟೆಲ್‌ನ 10 ನ್ಯಾನೋಮೀಟರಿನಲ್ಲಿ ತಂತಿಗಳ ಅಂತರ 36, ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿಯ 7 ನ್ಯಾನೋಮೀಟರಿನಲ್ಲಿ 40. ಹೆಸರಿನಲ್ಲಿ ದೊಡ್ಡದಾಗಿದ್ದದ್ದೇ ಇಲ್ಲಿ ಹೆಚ್ಚು ಒತ್ತಾಗಿತ್ತು. ಇದರಿಂದ ಸೋತವರಂತೆ ಕಾಣುತ್ತಿದ್ದೇವೆ ಎನಿಸಿತೋ ಏನೋ, 2021ರ ಜುಲೈನಲ್ಲಿ ಇಂಟೆಲ್ ಹೆಸರುಗಳನ್ನೇ ಬದಲಿಸಿತು. ಸುಧಾರಿಸಿದ 10 ನ್ಯಾನೋಮೀಟರ್ 'ಇಂಟೆಲ್ 7' ಆಯಿತು, 7 ಆಗಬೇಕಿದ್ದದ್ದು 'ಇಂಟೆಲ್ 4' ಆಯಿತು.

2015ರ ಐಫೋನ್ 6ಎಸ್ ಇದಕ್ಕೆ ಒಳ್ಳೆಯ ಸಾಕ್ಷಿ. ಆಪಲ್ ಒಂದೇ ಎ9 ಚಿಪ್ಪನ್ನು ಎರಡು ಕಡೆ ಮಾಡಿಸಿತು. ಸ್ಯಾಮ್‌ಸಂಗ್ 14 ನ್ಯಾನೋಮೀಟರಿನಲ್ಲಿ ಮಾಡಿದ್ದು 96 ಚದರ ಮಿಲಿಮೀಟರ್, ಟಿಎಸ್‌ಎಂಸಿ 16ರಲ್ಲಿ ಮಾಡಿದ್ದು 104.5. ಕೆಲವು ಬ್ಯಾಟರಿ ಪರೀಕ್ಷೆಗಳಲ್ಲಿ 16ರದ್ದೇ ಹೆಚ್ಚು ಹೊತ್ತು ಬಾಳಿತು. ದಿನಬಳಕೆಯಲ್ಲಿ ಎರಡರ ನಡುವಿನ ವ್ಯತ್ಯಾಸ ಶೇ 2ರಿಂದ 3 ಮಾತ್ರ ಎಂದು ಆಪಲ್ ಹೇಳಿತು.

ಆದ್ದರಿಂದ ಅಂಕಿಯನ್ನು ಒಂದೇ ತಯಾರಕನ ಎರಡು ಪೀಳಿಗೆಗಳ ನಡುವೆ ಹೋಲಿಸಿ. ಸ್ಯಾಮ್‌ಸಂಗ್‌ನ 4ನ್ನು ಟಿಎಸ್‌ಎಂಸಿಯ 4ರ ಪಕ್ಕ ಇಟ್ಟು ಸರಿಸಮ ಎನ್ನಬೇಡಿ.

ಯಾವುದನ್ನು ತೂಗಬೇಕು

ಮೊದಲನೆಯದು, ಅಷ್ಟೇ ಕೆಲಸಕ್ಕೆ ಎಷ್ಟು ವಿದ್ಯುತ್ ಬೇಕು ಎಂಬುದು. ಚಿಪ್ ಓಡುವಾಗ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ವೋಲ್ಟೇಜ್ ಶೇ 10 ಇಳಿದರೆ ವಿದ್ಯುತ್ ಶೇ 19 ಇಳಿಯುತ್ತದೆ. ಹೊಸ ಪೀಳಿಗೆಯಿಂದ ಬರುವ ಲಾಭದ ದೊಡ್ಡ ಪಾಲು ಇದೇ. ಇಲ್ಲೊಂದು ಸೂಕ್ಷ್ಮವಿದೆ. ಟಿಎಸ್‌ಎಂಸಿ ತನ್ನ 2 ನ್ಯಾನೋಮೀಟರ್ ಎನ್2 ಬಗ್ಗೆ ಹೇಳುವುದು ಹೀಗೆ: ಎನ್3ಇ ಪೀಳಿಗೆಗೆ ಹೋಲಿಸಿದರೆ ಅಷ್ಟೇ ವಿದ್ಯುತ್ತಿಗೆ ಶೇ 10ರಿಂದ 15 ಹೆಚ್ಚು ವೇಗ, ಇಲ್ಲವೇ ಅಷ್ಟೇ ವೇಗಕ್ಕೆ ಶೇ 25ರಿಂದ 30 ಕಡಿಮೆ ವಿದ್ಯುತ್. ಆ 'ಇಲ್ಲವೇ' ಜಾಹೀರಾತಿಗೆ ಬರುವಷ್ಟರಲ್ಲಿ 'ಜೊತೆಗೆ' ಆಗಿಬಿಡುತ್ತದೆ. ಫೋನ್ ಕಂಪನಿ ಲಾಭವನ್ನೆಲ್ಲ ವೇಗಕ್ಕೇ ಸುರಿದರೆ ಬ್ಯಾಟರಿಗೆ ಏನೂ ಉಳಿಯುವುದಿಲ್ಲ.

ಎರಡನೆಯದು, ಆ ವೇಗ ಎಷ್ಟು ಹೊತ್ತು ನಿಲ್ಲುತ್ತದೆ. ಫ್ಯಾನ್ ಇಲ್ಲದ ಫೋನ್ ಸತತವಾಗಿ ಹೊರಹಾಕಬಲ್ಲ ಶಾಖ ಸುಮಾರು 3ರಿಂದ 5 ವ್ಯಾಟ್. ಅದನ್ನು ಮೀರಿದರೆ ಮೈ ಬಿಸಿಯಾಗಿ ಫೋನ್ ತಾನೇ ವೇಗ ಇಳಿಸುತ್ತದೆ. ವಿಮರ್ಶೆಗಳ ಪರೀಕ್ಷೆ ನಡೆಯುವುದು ಹೆಚ್ಚಾಗಿ ಏಸಿ ಕೋಣೆಯಲ್ಲಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುವಾಗ ಅದೇ ಫೋನಿಗೆ ಬಿಸಿ ಬಿಡಲು ಜಾಗವೇ ಇರುವುದಿಲ್ಲ. ಅಲ್ಲಿ ಕಡಿಮೆ ವಿದ್ಯುತ್ತಿನ ಪೀಳಿಗೆಗೆ ಕೊಟ್ಟ ಹಣ ಬೆಂಗಳೂರಿನಲ್ಲಿ ಕೊಟ್ಟದ್ದಕ್ಕಿಂತ ಸಾರ್ಥಕ.

ಮೂರನೆಯದು ವಿನ್ಯಾಸ: ಯಾವ ಕೋರ್, ಎಷ್ಟು ಕ್ಯಾಶ್, ಮೆಮೊರಿ ಎಷ್ಟು ಹತ್ತಿರ. ಕ್ಯಾಶ್ ಕಟ್ಟಲು ಬಳಸುವ ಎಸ್‌ರ್‍ಯಾಮ್ ಕೋಶ ಹಲವು ಪೀಳಿಗೆಗಳಿಂದ ಹೆಚ್ಚು ಕುಗ್ಗಿಲ್ಲ. ಟಿಎಸ್‌ಎಂಸಿಯ 5 ನ್ಯಾನೋಮೀಟರಿನಲ್ಲೂ 0.021 ಚದರ ಮೈಕ್ರೋಮೀಟರ್, ಎನ್3ಇ ಪೀಳಿಗೆಯಲ್ಲೂ ಅಷ್ಟೇ. ಹಾಗಾಗಿ ಕ್ಯಾಶ್ ಹೆಚ್ಚು ಬೇಕಿದ್ದರೆ ಅದನ್ನು ಅಗ್ಗದ ಹಳೆಯ ಪೀಳಿಗೆಯಲ್ಲಿ ಮಾಡಿ ಮೇಲೆ ಅಂಟಿಸುವುದೇ ಜಾಣತನ. ರೈಜೆನ್ 7 7800ಎಕ್ಸ್3ಡಿ ಮಾಡಿದ್ದು ಅದನ್ನೇ. ಕೋರ್‌ಗಳು 5 ನ್ಯಾನೋಮೀಟರ್, ಮೇಲೆ ಕೂರಿಸಿದ 64 ಎಂಬಿ ಕ್ಯಾಶ್ 7, ಹೊರಗಿನ ಸಂಪರ್ಕ ನೋಡಿಕೊಳ್ಳುವ ತುಂಡು 6. ಒಂದೂವರೆ ವರ್ಷದ ನಂತರ ಬಂದ ಇಂಟೆಲ್ ಕೋರ್ ಅಲ್ಟ್ರಾ 9 285ಕೆ ಚಿಪ್ಪಿನ ಕೋರ್‌ಗಳು 3 ನ್ಯಾನೋಮೀಟರಿನವು. ಆದರೂ ಗೇಮಿಂಗ್‌ನಲ್ಲಿ ಹಳೆಯದೇ ಮುಂದೆ. 285ಕೆಯಲ್ಲಿ ಮೆಮೊರಿ ನಿಯಂತ್ರಕ ಕೋರ್‌ಗಳಿಂದ ಬೇರೆ ತುಂಡಿನಲ್ಲಿದೆ, ದತ್ತಾಂಶ ಬಂದು ಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಟ್ರಾನ್ಸಿಸ್ಟರ್ ಎಷ್ಟು ಸಣ್ಣದಾದರೂ ಆ ಕಾಯುವಿಕೆ ತಪ್ಪುವುದಿಲ್ಲ.

ನಾಲ್ಕನೆಯದು ಬೆಲೆ. ಅದರ ಹಿಂದೆ ಇರುವುದು ಯೀಲ್ಡ್, ಅಂದರೆ ಮಾಡಿದ್ದರಲ್ಲಿ ಸರಿಯಾಗಿ ಬಂದ ಚಿಪ್ಪುಗಳ ಪಾಲು. 300 ಮಿಲಿಮೀಟರ್ ವ್ಯಾಸದ ದುಂಡು ವೇಫರಿನಲ್ಲಿ (ಚಿಪ್ ಅಚ್ಚುಹಾಕುವ ಸಿಲಿಕಾನ್ ಬಿಲ್ಲೆಯಲ್ಲಿ) 100 ಚದರ ಮಿಲಿಮೀಟರಿನ ಫೋನ್ ಚಿಪ್ಪುಗಳು ಸುಮಾರು 640 ಕೂರುತ್ತವೆ, 600 ಚದರ ಮಿಲಿಮೀಟರಿನ ದೊಡ್ಡ ಗ್ರಾಫಿಕ್ಸ್ ಚಿಪ್ಪುಗಳು 90ರಷ್ಟು. ಹರಿವಾಣದಲ್ಲಿ ಹರಡಿದ ಕೊಬ್ಬರಿ ಮಿಠಾಯಿಗೆ ಅಲ್ಲೊಂದು ಇಲ್ಲೊಂದು ಕಸ ಬಿದ್ದರೆ ಸಣ್ಣ ತುಂಡು ಕತ್ತರಿಸಿದವರು ಒಂದೆರಡನ್ನು ಎಸೆದು ಪಾರಾಗುತ್ತಾರೆ, ದೊಡ್ಡ ತುಂಡು ಮಾಡಿದವರಿಗೆ ಅರ್ಧ ಹರಿವಾಣವೇ ಹೋಗುತ್ತದೆ. ಇಲ್ಲೂ ಅಷ್ಟೇ. ಚದರ ಸೆಂಟಿಮೀಟರಿಗೆ ಸರಾಸರಿ 0.1 ದೋಷವಿದ್ದರೆ, ಸರಳ ಲೆಕ್ಕದಲ್ಲಿ, ಸಣ್ಣ ಚಿಪ್ಪುಗಳಲ್ಲಿ ಶೇ 90, ದೊಡ್ಡವುಗಳಲ್ಲಿ ಶೇ 55 ಉಳಿಯುತ್ತವೆ. ದೋಷ 0.5ಕ್ಕೆ ಏರಿದರೆ ಸಣ್ಣವು ಶೇ 61, ದೊಡ್ಡವು ಶೇ 5. ಹೊಸ ಪೀಳಿಗೆ ಬಂದಾಗಲೆಲ್ಲ ಮೊದಲು ಫೋನ್ ಚಿಪ್ ಬರುವುದು, ಗ್ರಾಫಿಕ್ಸ್ ಕಾರ್ಡ್ ಹಿಂದೆ ಉಳಿಯುವುದು ಈ ಲೆಕ್ಕದಿಂದಲೇ.

ದೋಷ ಬರುವುದಾದರೂ ಎಲ್ಲಿಂದ? ಈಗಿನ ಸೂಕ್ಷ್ಮ ಪದರಗಳನ್ನು ಅಚ್ಚುಹಾಕುವುದು 13.5 ನ್ಯಾನೋಮೀಟರ್ ತರಂಗಾಂತರದ ಇಯುವಿ (ತೀವ್ರ ನೇರಳಾತೀತ) ಬೆಳಕಿನಲ್ಲಿ. ಆ ಯಂತ್ರ ಮಾರುವುದು ನೆದರ್ಲೆಂಡ್ಸಿನ ಎಎಸ್‌ಎಂಎಲ್ ಒಂದೇ. ಹಳೆಯ 193 ನ್ಯಾನೋಮೀಟರ್ ಬೆಳಕಿಗಿಂತ ಇದರ ಒಂದೊಂದು ಫೋಟಾನಿನಲ್ಲಿ (ಬೆಳಕಿನ ಕಣದಲ್ಲಿ) 14 ಪಟ್ಟು ಹೆಚ್ಚು ಶಕ್ತಿ. ಹಾಗಾಗಿ ಅಷ್ಟೇ ಶಕ್ತಿಯ ಬೆಳಕು ಹಾಯಿಸಿದಾಗ ಬೀಳುವ ಫೋಟಾನುಗಳ ಸಂಖ್ಯೆ ಹದಿನಾಲ್ಕನೇ ಒಂದು ಭಾಗ. ಎಣಿಕೆ ಕಡಿಮೆಯಾದಂತೆ ಏರುಪೇರು ಹೆಚ್ಚು. ಒಂದು ರಂಧ್ರಕ್ಕೆ ಸಾಲುವಷ್ಟು ಫೋಟಾನು ಬೀಳದಿದ್ದರೆ ಆ ರಂಧ್ರ ತೆರೆಯುವುದೇ ಇಲ್ಲ. ಕೋಟ್ಯಂತರ ರಂಧ್ರಗಳಲ್ಲಿ ಹೀಗೊಂದು ಮುಚ್ಚಿಕೊಂಡರೂ ಚಿಪ್ಪಿನ ಆ ಭಾಗ ಸತ್ತಂತೆ. ಬೆಳಕಿನ ಪ್ರಮಾಣ ಹೆಚ್ಚಿಸಿದರೆ ಇದು ಸರಿಹೋಗುತ್ತದೆ, ಆದರೆ ಗಂಟೆಗೆ ಮುಗಿಸಬಹುದಾದ ವೇಫರ್‌ಗಳು ಕಡಿಮೆಯಾಗುತ್ತವೆ. ಎರಡರಲ್ಲಿ ಯಾವುದಾದರೂ ವೆಚ್ಚ ಕೊನೆಗೆ ಬಂದು ಕೂರುವುದು ಕೊಳ್ಳುವವರ ಬಿಲ್ಲಿನಲ್ಲೇ.

ಟಿಎಸ್‌ಎಂಸಿ: ದುಬಾರಿ, ಆದರೆ ನೆಚ್ಚಬಹುದು

3 ನ್ಯಾನೋಮೀಟರಿನಲ್ಲೇ ಮುಖ್ಯವಾಗಿ ಮೂರು ರೂಪಗಳಿವೆ. ಎನ್3ಬಿ ಮೊದಲು ಬಂತು, 2023ರ ಐಫೋನ್ 15 ಪ್ರೊದ ಎ17 ಪ್ರೊ ಅದರದ್ದೇ. ಇದು ಒತ್ತಾಗಿತ್ತು, ಮಾಡುವುದು ಕಷ್ಟವಾಗಿತ್ತು. ಆಮೇಲೆ ಬಂದ ಎನ್3ಇ ಸ್ವಲ್ಪ ಸಡಿಲ, ಮಾಡಲು ಸುಲಭ. ಆಪಲ್‌ನ ಎ18, ಕ್ವಾಲ್ಕಾಮ್‌ನ ಸ್ನಾಪ್‌ಡ್ರ್ಯಾಗನ್ 8 ಎಲೈಟ್, ಮೀಡಿಯಾಟೆಕ್‌ನ ಡೈಮೆನ್ಸಿಟಿ 9400 ಇದರವು. ಇನ್ನೂ ತಿದ್ದಿದ್ದು ಎನ್3ಪಿ: ಎ19, ಸ್ನಾಪ್‌ಡ್ರ್ಯಾಗನ್ 8 ಎಲೈಟ್ ಜೆನ್ 5, ಡೈಮೆನ್ಸಿಟಿ 9500. ಎನ್3ಇ ಮತ್ತು ಎನ್3ಪಿ ನಡುವಿನ ಜಿಗಿತ ಚಿಕ್ಕದು. ಎನ್3ಇ ಚಿಪ್ಪಿನ ಫೋನ್ ರಿಯಾಯಿತಿಯಲ್ಲಿ ಸಿಕ್ಕರೆ ಅಂಕಿಯ ಕಾರಣಕ್ಕೆ ಹೊಸದರ ಹಿಂದೆ ಹೋಗಬೇಕಿಲ್ಲ. 2 ನ್ಯಾನೋಮೀಟರಿನ ಎನ್2 ತಯಾರಿಕೆ 2025ರ ಕೊನೆಗೆ ಶುರುವಾಗಿದೆ.

ಹಣಕ್ಕೆ ತಕ್ಕ ಬೆಲೆ ಸಿಗುವುದು 4 ನ್ಯಾನೋಮೀಟರಿನಲ್ಲಿ. ಇದು 5 ನ್ಯಾನೋಮೀಟರಿನದ್ದೇ ತಿದ್ದಿದ ರೂಪ, ವರ್ಷಗಟ್ಟಲೆ ಪಳಗಿದೆ. ಮಧ್ಯಮ ಬೆಲೆಯ ಡೈಮೆನ್ಸಿಟಿ 7300, ಸ್ನಾಪ್‌ಡ್ರ್ಯಾಗನ್ 7ಎಸ್ ಜೆನ್ 3, ಲ್ಯಾಪ್‌ಟಾಪಿನ ರೈಜೆನ್ ಎಐ 300 ಸರಣಿ, ಸ್ನಾಪ್‌ಡ್ರ್ಯಾಗನ್ ಎಕ್ಸ್ ಎಲೈಟ್ ಎಲ್ಲವೂ ಇಲ್ಲೇ. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಮತ್ತು 50 ಎರಡೂ ಗ್ರಾಫಿಕ್ಸ್ ಕಾರ್ಡ್ ಸರಣಿಗಳು ಟಿಎಸ್‌ಎಂಸಿಯ 4ಎನ್ ಎಂಬ ಒಂದೇ ಪೀಳಿಗೆಯವು. 4090ಕ್ಕೆ 450 ವ್ಯಾಟ್ ಇದ್ದದ್ದು 5090ಕ್ಕೆ 575 ಆದದ್ದು ಸುಮ್ಮನೆ ಅಲ್ಲ. ಪೀಳಿಗೆ ಬದಲಾಗದಿದ್ದರೆ ಹೆಚ್ಚಿನ ವೇಗವನ್ನು ದೊಡ್ಡ ಚಿಪ್ಪಿನಿಂದ, ಹೆಚ್ಚು ವಿದ್ಯುತ್ತಿನಿಂದ ತರಬೇಕಾಗುತ್ತದೆ. 40 ಸರಣಿಯಿಂದ 50ಕ್ಕೆ ಹೋಗುವವರು ಪವರ್ ಸಪ್ಲೈ ಬದಲಿಸುವ ಖರ್ಚನ್ನೂ ಸೇರಿಸಿಕೊಳ್ಳಿ.

6 ಮತ್ತು 7 ನ್ಯಾನೋಮೀಟರ್ ಇನ್ನೂ ಸತ್ತಿಲ್ಲ. ಆಫೀಸು, ಓದು, ಬ್ಯಾಂಕ್ ಆ್ಯಪ್, ವಾಟ್ಸಾಪ್‌ಗೆ ಧಾರಾಳ ಸಾಕು. ಇಸ್ರೋಗಾಗಿ ಮೊಹಾಲಿಯ ಎಸ್‌ಸಿಎಲ್‌ನಲ್ಲಿ (ಸೆಮಿಕಂಡಕ್ಟರ್ ಲ್ಯಾಬೊರೇಟರಿ) ತಯಾರಾದ ವಿಕ್ರಂ 3201 ಪ್ರೊಸೆಸರ್ 180 ನ್ಯಾನೋಮೀಟರಿನದು, ಅದನ್ನು ಮಾಡಿರುವುದೇ ರಾಕೆಟ್ ನಡೆಸಲು.

ಸ್ಯಾಮ್‌ಸಂಗ್: ಮೊದಲು ಮುಟ್ಟಿದರೂ ತಡವಾಗಿ ದಡ ಸೇರಿದ್ದು

ಗೇಟನ್ನು ವಾಹಕದ ನಾಲ್ಕೂ ಕಡೆ ಸುತ್ತುವ ಹೊಸ ಬಗೆಯ ಟ್ರಾನ್ಸಿಸ್ಟರನ್ನು ತಯಾರಿಕೆಗೆ ಮೊದಲು ತಂದದ್ದು ಸ್ಯಾಮ್‌ಸಂಗ್, 2022ರ ಜೂನಿನಲ್ಲಿ, 3 ನ್ಯಾನೋಮೀಟರ್ ಹೆಸರಿನಲ್ಲಿ. ಹಳೆಯ ಫಿನ್‌ಫೆಟ್‌ನಲ್ಲಿ ಗೇಟ್ ಮೂರು ಕಡೆ ಮಾತ್ರ ಆವರಿಸುತ್ತದೆ, ಕೆಳಗಿನಿಂದ ವಿದ್ಯುತ್ ಸೋರುತ್ತದೆ. ಟಿಎಸ್‌ಎಂಸಿ ತನ್ನ 3 ನ್ಯಾನೋಮೀಟರನ್ನು ಇದೇ ಹಳೆಯ ಬಗೆಯಲ್ಲೇ ಮಾಡಿತು. ಹಾಗಿದ್ದೂ ಗಿರಾಕಿಗಳು ಹೋದದ್ದು ಟಿಎಸ್‌ಎಂಸಿ ಕಡೆಗೆ. ಸ್ಯಾಮ್‌ಸಂಗ್‌ನ 3 ನ್ಯಾನೋಮೀಟರ್ ಫೋನಿಗೆ ಬಂದದ್ದು 2025ರ ಝಡ್ ಫ್ಲಿಪ್7ರಲ್ಲಿದ್ದ ಸ್ಯಾಮ್‌ಸಂಗ್‌ನದೇ ಚಿಪ್ ಎಕ್ಸಿನೋಸ್ 2500 ಮೂಲಕ. ನಡುವೆ ಗ್ಯಾಲಕ್ಸಿ ಎಸ್25, ಎಸ್25+, ಎಸ್25 ಅಲ್ಟ್ರಾ ಮೂರೂ ಟಿಎಸ್‌ಎಂಸಿಯಲ್ಲಿ ಮಾಡಿದ ಸ್ನಾಪ್‌ಡ್ರ್ಯಾಗನ್ ಹೊತ್ತು ಬಂತು.

ಅಂತರ ಎಷ್ಟಿತ್ತೆಂದು ಅಳೆಯಲು 2022ರಲ್ಲಿ ಅಪರೂಪದ ಅವಕಾಶ ಸಿಕ್ಕಿತು. ಸ್ಯಾಮ್‌ಸಂಗ್‌ನ 4 ನ್ಯಾನೋಮೀಟರಿನಲ್ಲಿ ಮಾಡಿಸಿದ ಸ್ನಾಪ್‌ಡ್ರ್ಯಾಗನ್ 8 ಜೆನ್ 1 ಬಿಸಿಯಾಗುತ್ತದೆ ಎಂಬ ದೂರು ಎಲ್ಲೆಡೆ ಇತ್ತು. ಅದೇ ವಿನ್ಯಾಸವನ್ನು ಟಿಎಸ್‌ಎಂಸಿಯ 4 ನ್ಯಾನೋಮೀಟರಿಗೆ ಒಯ್ದು ಕ್ವಾಲ್ಕಾಮ್ 8+ ಜೆನ್ 1 ತಂದಿತು. ಮುಖ್ಯ ಕೋರ್ ವೇಗ 3.0ರಿಂದ 3.2 ಗಿಗಾಹರ್ಟ್ಸ್‌ಗೆ ಏರಿತು, ವಿದ್ಯುತ್ ಬಳಕೆಯಲ್ಲಿ ಶೇ 30ರಷ್ಟು ಸುಧಾರಣೆ ಎಂದು ಕಂಪನಿ ಹೇಳಿತು. ಎರಡೂ ಕಡೆ ಅಂಕಿ 4. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಆ '+' ಗುರುತನ್ನು ಹುಡುಕಲೇಬೇಕು.

ಅಂದಿನಿಂದ ಸ್ಯಾಮ್‌ಸಂಗ್ ಸುಧಾರಿಸಿದೆ. ನಮ್ಮಲ್ಲಿ ಗ್ಯಾಲಕ್ಸಿ ಎಸ್24, ಎಸ್24+ ಬಂದದ್ದು ಅದರದ್ದೇ 4 ನ್ಯಾನೋಮೀಟರಿನ ಎಕ್ಸಿನೋಸ್ 2400 ಜೊತೆ. ಶಾಖ ಬೇಗ ಹೊರಹೋಗುವಂತೆ ಅದರ ಪ್ಯಾಕೇಜಿಂಗ್ ಬದಲಿಸಿದ್ದರು. ಎಸ್24 ಅಲ್ಟ್ರಾದಲ್ಲಿ ಮಾತ್ರ ಟಿಎಸ್‌ಎಂಸಿಯ ಸ್ನಾಪ್‌ಡ್ರ್ಯಾಗನ್. ದಿನಬಳಕೆಗೆ ಎಕ್ಸಿನೋಸ್ ಎಂದು ಹೆದರಿ ಓಡಬೇಕಿಲ್ಲ, ಬೆಲೆ ನಾಲ್ಕೈದು ಸಾವಿರ ಕಡಿಮೆಯಿದ್ದರೆ ಅದನ್ನೇ ಕೊಳ್ಳಿ. ಗಂಟೆಗಟ್ಟಲೆ ಗೇಮ್ ಆಡುವವರಿಗೆ, ಬಿಸಿಲಲ್ಲಿ ನ್ಯಾವಿಗೇಷನ್ ಹಾಕಿಕೊಂಡು ಡೆಲಿವರಿಗೆ ಓಡುವವರಿಗೆ ನನ್ನ ಮತ ಟಿಎಸ್‌ಎಂಸಿಗೆ. 2 ನ್ಯಾನೋಮೀಟರಿನ ಎಕ್ಸಿನೋಸ್ 2600 ಫೋನುಗಳನ್ನು ಸ್ವತಂತ್ರ ಪರೀಕ್ಷೆಗಳ ಫಲ ನೋಡಿಯೇ ತೀರ್ಮಾನಿಸಿ.

ಇಂಟೆಲ್: ಒಂದೇ ಹೆಸರಿನೊಳಗೆ ನಾಲ್ಕು ಪೀಳಿಗೆ

ಲ್ಯಾಪ್‌ಟಾಪ್ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲೇ. ಕೋರ್ ಅಲ್ಟ್ರಾ 5 225ಯು, 225ಎಚ್, 226ವಿ ಮೂರನ್ನೂ ಒಟ್ಟಿಗೆ ನೋಡಿ. ಕೊನೆಯಲ್ಲಿ 'ಯು' ಇದ್ದದ್ದರ ಕೋರ್‌ಗಳು ಇಂಟೆಲ್‌ನದೇ 'ಇಂಟೆಲ್ 3'ರವು. 'ಎಚ್' ಮತ್ತು 'ವಿ' ಇದ್ದವುಗಳ ಕೋರ್‌ಗಳು ಟಿಎಸ್‌ಎಂಸಿಯ ಎನ್3ಬಿ. 'ಅಲ್ಟ್ರಾ' ಎಂಬ ಪದವೇ ಇಲ್ಲದ ಕೋರ್ 5 210ಎಚ್ ಹಳೆಯ ಇಂಟೆಲ್ 7ರದ್ದು, ಸುಧಾರಿಸಿದ 10 ನ್ಯಾನೋಮೀಟರ್. ಬ್ಯಾಟರಿ ದಿನವಿಡೀ ಬರಬೇಕಿದ್ದರೆ 226ವಿ, ಆದರೆ ಅದರ 16 ಜಿಬಿ ರ್‍ಯಾಮ್ ಚಿಪ್ಪಿನ ಜೊತೆಗೇ ಕೂತಿದೆ, ಹೆಚ್ಚಿಸಲಾಗದು. ವಿಡಿಯೊ ಎಡಿಟಿಂಗ್, ಕೋಡ್ ಕಂಪೈಲ್‌ಗೆ 14 ಕೋರಿನ 225ಎಚ್. ಹೆಚ್ಚು ಹೊತ್ತು ಪ್ಲಗ್ಗಿನಲ್ಲೇ ಇರುವ ಅಗ್ಗದ ಗೇಮಿಂಗ್ ಲ್ಯಾಪ್‌ಟಾಪಾದರೆ 210ಎಚ್ ಸಾಕು. ಉಳಿದ ಹಣವನ್ನು ಗ್ರಾಫಿಕ್ಸ್ ಚಿಪ್ಪಿಗೆ ಹಾಕಿ.

ಹೊಸ 18ಎ (ಅಂದರೆ 1.8 ನ್ಯಾನೋಮೀಟರ್ ಹೆಸರಿನ) ಪೀಳಿಗೆ ಕೋರ್ ಅಲ್ಟ್ರಾ 3ನೇ ಸರಣಿಯಲ್ಲಿ ಬಂದಿದೆ. ನಾಲ್ಕೂ ಕಡೆ ಸುತ್ತುವ ಗೇಟಿನ ಜೊತೆಗೆ ಇದರಲ್ಲಿ ವಿದ್ಯುತ್ ತರುವ ತಂತಿಗಳನ್ನು ಚಿಪ್ಪಿನ ಹಿಂಬದಿಗೆ ಸಾಗಿಸಿದ್ದಾರೆ. ಮುಂಬದಿಯಲ್ಲಿ ಸಂಕೇತದ ತಂತಿಗಳ ನಡುವೆ ನುಸುಳಿ ಬರುವಾಗ ಆಗುತ್ತಿದ್ದ ವೋಲ್ಟೇಜ್ ನಷ್ಟ ಇದರಿಂದ ತಗ್ಗುತ್ತದೆ. ಇಂಟೆಲ್ 4ರ ಮೇಲೆ ನಡೆಸಿದ ಪ್ರಯೋಗದಲ್ಲಿ ಶೇ 6ರಷ್ಟು ವೇಗ ಹೆಚ್ಚಿತೆಂದು ಇಂಟೆಲ್ 2023ರಲ್ಲಿ ಹೇಳಿತ್ತು. ತೊಂದರೆಯೂ ಉಂಟು. ಇದಕ್ಕಾಗಿ ಸಿಲಿಕಾನನ್ನು ತೀರಾ ತೆಳ್ಳಗೆ ಉಜ್ಜಬೇಕು. ಶಾಖವನ್ನು ಅಕ್ಕಪಕ್ಕಕ್ಕೆ ಹರಡುತ್ತಿದ್ದ ದಪ್ಪ ಸಿಲಿಕಾನು ಹೋದರೆ ಬಿಸಿ ಒಂದೇ ಕಡೆ ನಿಲ್ಲುತ್ತದೆ. ಒಂದೇ ಮಾದರಿಯ ಚಿಪ್ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಬಗೆಯಾಗಿ ನಡೆದುಕೊಂಡರೆ ಫ್ಯಾನ್ ಮತ್ತು ಹೀಟ್ ಪೈಪನ್ನು ಮೊದಲು ಅನುಮಾನಿಸಿ. ಈ ಸರಣಿಯಲ್ಲೂ ಎಲ್ಲವೂ 18ಎ ಅಲ್ಲ. ಹೆಸರಿನಲ್ಲಿ 'ಎಕ್ಸ್7', 'ಎಕ್ಸ್9' ಎಂದಿದ್ದರೆ ಅದರ 12 ಕೋರಿನ ದೊಡ್ಡ ಗ್ರಾಫಿಕ್ಸ್ ತುಂಡು ಟಿಎಸ್‌ಎಂಸಿಯದು.

ಹಳೆಯ ಪೀಳಿಗೆ ಎಂದರೆ ಅಪಾಯವಿಲ್ಲ ಎಂದೂ ಅಲ್ಲ. ಇಂಟೆಲ್ 7ರ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಅತಿ ವೋಲ್ಟೇಜಿನಿಂದ ಕೆಲವು ಕ್ರಮೇಣ ಹಾಳಾದವು. ಇಂಟೆಲ್ 2024ರಲ್ಲಿ ಮೈಕ್ರೋಕೋಡ್ (ಚಿಪ್ಪನ್ನು ಒಳಗಿನಿಂದ ನಡೆಸುವ ಮೂಲ ಆದೇಶಗಳು) ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಬಳಸಿದ 13900ಕೆ, 14900ಕೆ ಕೊಳ್ಳುವವರು ಬಯೋಸ್‌ನಲ್ಲಿ 0ಎಕ್ಸ್12ಬಿ ಅಥವಾ ನಂತರದ ಮೈಕ್ರೋಕೋಡ್ ಇದೆಯೇ ನೋಡಬೇಕು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಲೇ ಹಾಳಾದ ಚಿಪ್ಪನ್ನು ಸರಿಮಾಡುವುದಿಲ್ಲ.

ಜೇಬು, ಕೆಲಸ ನೋಡಿ

20 ಸಾವಿರದೊಳಗಿನ ಫೋನಿಗೆ ನ್ಯಾನೋಮೀಟರ್ ಮರೆತುಬಿಡಿ, ಕೋರ್ ಎಣಿಸಿ. 4 ನ್ಯಾನೋಮೀಟರಿನ ಸ್ನಾಪ್‌ಡ್ರ್ಯಾಗನ್ 4 ಜೆನ್ 2ರಲ್ಲಿ ದೊಡ್ಡ ಎ78 ಕೋರ್ ಎರಡೇ. 6 ನ್ಯಾನೋಮೀಟರಿನ ಡೈಮೆನ್ಸಿಟಿ 1300ರಲ್ಲಿ ನಾಲ್ಕು. 20ರಿಂದ 35 ಸಾವಿರದಲ್ಲಿ ಟಿಎಸ್‌ಎಂಸಿಯ 4 ನ್ಯಾನೋಮೀಟರ್ ಸಿಗುವಾಗ ಬೇರೆಯದಕ್ಕೆ ಒಪ್ಪಬೇಡಿ. ಅದಕ್ಕಿಂತ ಮೇಲೆ, ನಾಲ್ಕೈದು ವರ್ಷ ಬಳಸುವ ಯೋಚನೆಯಿದ್ದರೆ 3 ನ್ಯಾನೋಮೀಟರ್ ನ್ಯಾಯವಾದ ಖರ್ಚು. ಬ್ಯಾಟರಿ ಹಳತಾಗಿ ಸಾಮರ್ಥ್ಯ ಕುಸಿದಾಗ ಕಡಿಮೆ ತಿನ್ನುವ ಚಿಪ್ಪಿನ ಗುಣ ಗೊತ್ತಾಗುತ್ತದೆ.

ಲ್ಯಾಪ್‌ಟಾಪನ್ನು ಬಸ್ಸು, ಕಾಲೇಜು ಎಂದು ಹೊತ್ತು ತಿರುಗುವವರಿಗೆ ಪೀಳಿಗೆ ಮುಖ್ಯ. ಮೇಜಿನ ಮೇಲೇ ಇಡುವವರಿಗೆ ಅಷ್ಟಿಲ್ಲ. ಡೆಸ್ಕ್‌ಟಾಪಿಗಂತೂ ಕೊನೆಯಲ್ಲಿ ನೋಡಬೇಕಾದ ಸಂಗತಿ ಇದು.

ಕೊಳ್ಳುವ ಮುನ್ನ ಅರ್ಧ ಗಂಟೆ

ಇಂಟೆಲ್, ಎಎಂಡಿ ಎರಡರ ಜಾಲತಾಣಗಳಲ್ಲೂ ಚಿಪ್ಪಿನ ಪೂರ್ತಿ ಹೆಸರು ಹುಡುಕಿದರೆ ಯಾವ ಕಾರ್ಖಾನೆಯ ಯಾವ ಪೀಳಿಗೆ ಎಂದು ಬರೆದಿರುತ್ತದೆ. ಫೋನ್ ಚಿಪ್ಪುಗಳ ಪುಟದಲ್ಲಿ ಅಂಕಿ ಇರುತ್ತದೆ, ಮಾಡಿದವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಅದಿಲ್ಲದಿದ್ದರೆ ವಿಮರ್ಶೆಗಳಲ್ಲಿ ಹುಡುಕಿ.

ಫೋನಿನಲ್ಲಿ 3ಡಿಮಾರ್ಕ್ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಓಡಿಸಿ. ಒಂದೊಂದು ನಿಮಿಷದ 20 ಸುತ್ತು. ಕೊನೆಗೆ ಬರುವ ಶೇಕಡಾವಾರು ಅಂಕಿ, ಅತಿ ಕಡಿಮೆ ಅಂಕ ಅತಿ ಹೆಚ್ಚಿನದರ ಎಷ್ಟು ಪಾಲು ಎಂದು ಹೇಳುತ್ತದೆ. ಅದೊಂದನ್ನೇ ನಂಬಬೇಡಿ. 5,000ದಿಂದ 3,000ಕ್ಕೆ ಇಳಿದ ಫೋನಿಗೆ ಶೇ 60 ಸಿಗುತ್ತದೆ, 2,000ದಲ್ಲೇ ನಿಂತದ್ದಕ್ಕೆ ಶೇ 99. ಬಿಸಿಯಾದ ಮೇಲೂ ಮೊದಲನೆಯದೇ ವೇಗ, ಆದ್ದರಿಂದ ಹೋಲಿಸಬೇಕಾದದ್ದು ಕೊನೆಯ ಸುತ್ತಿನ ಅಂಕ.

ಲ್ಯಾಪ್‌ಟಾಪಾದರೆ ಸಿನೆಬೆಂಚ್ 2024ರ ಹತ್ತು ನಿಮಿಷದ ಪರೀಕ್ಷೆಯನ್ನು ಒಮ್ಮೆ ಚಾರ್ಜರ್ ಹಾಕಿ, ಒಮ್ಮೆ ತೆಗೆದು ಓಡಿಸಿ. ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ತೆರೆದಿಟ್ಟು ಪ್ಯಾಕೇಜ್ ಪವರ್ (ಇಡೀ ಚಿಪ್ ತಿನ್ನುವ ವಿದ್ಯುತ್) ಎಷ್ಟು ವ್ಯಾಟಿಗೆ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಅಂಕವನ್ನು ಆ ವ್ಯಾಟಿನಿಂದ ಭಾಗಿಸಿದರೆ ಸಿಗುವ ಸಂಖ್ಯೆಯನ್ನು ಎರಡು ಲ್ಯಾಪ್‌ಟಾಪ್‌ಗಳ ನಡುವೆ ಹೋಲಿಸಿ. ಎರಡರ ವ್ಯಾಟ್ ತೀರಾ ಬೇರೆಯಿದ್ದರೆ ಹೋಲಿಕೆ ನಿಲ್ಲುವುದಿಲ್ಲ, ಕಡಿಮೆ ವ್ಯಾಟಿನಲ್ಲಿ ಓಡುವ ಯಾವ ಚಿಪ್ಪೂ ಈ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಪವರ್ ಮೋಡ್ ಬದಲಿಸಿ ಎರಡನ್ನೂ ಸುಮಾರು ಒಂದೇ ವ್ಯಾಟಿಗೆ ತಂದು ಮತ್ತೆ ಓಡಿಸಿ.